ಮಳೆಗಾಲದ ತರುವಾಯ ಗೇರ್ ಎಣ್ಣೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಒಳದಾರಿಗಳಲ್ಲಿ ಸಂಚರಿಸಿದವರಿಗೆ, ತೋಟದ ಮನೆಗಳ ಮಾಡಿನಡಿಯಲ್ಲಿ ನಿಂತ ಹಳೆಯ ಮಹೀಂದ್ರಾ ಜೀಪಾಗಲಿ ಅಂಬಾಸಿಡರ್ ಕಾರಾಗಲಿ ಅಪರಿಚಿತ ದೃಶ್ಯವಲ್ಲ. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತಾದರೂ, ತಂದೆ ಕೊಂಡ ವಾಹನವನ್ನು ಮಾರಲು ಮನಸ್ಸು ಬಾರದೆ ಮಗನು ಉಳಿಸಿಕೊಂಡಿರುವ ಮನೆಗಳು ಇಲ್ಲಿ ಇನ್ನೂ ಉಂಟು. ಆದರೆ ಇಂಥ ವಾಹನದ ಎಂಜಿನ್ನಿಗೆ ಸಲ್ಲುವ ಉಪಚಾರದಲ್ಲಿ ಕಾಲುಪಾಲೂ ಅದರ ಗೇರ್ ಬಾಕ್ಸಿಗೆ ಸಲ್ಲುವುದಿಲ್ಲವೆಂಬುದು ವ್ಯಥೆಯ ಸಂಗತಿ. ಎಂಜಿನ್ನಿನ ಎಣ್ಣೆ ತಗ್ಗಿದರೆ ಕಡ್ಡಿಯೆತ್ತಿ ನೋಡಬಹುದು. ಗೇರ್ ಬಾಕ್ಸಾದರೋ ವರ್ಷಗಟ್ಟಲೆ ದೂರದೆ ದುಡಿದು, ಒಳಗೊಳಗೇ ಸವೆದು, ಯಾವುದೋ ಏರಿನ ನಡುವೆ ಗೇರು ಬೀಳದೆ ಕರಕರನೆ ಸದ್ದುಮಾಡಿದಾಗಲೇ ಯಜಮಾನನಿಗೆ ಅದರ ನೆನಪು.

ಆ ಪೆಟ್ಟಿಗೆಯೊಳಗೆ ಎಣ್ಣೆಯನ್ನು ಎತ್ತಿಕೊಡುವ ಪಂಪು ಈ ವಾಹನಗಳಲ್ಲಿ ಇರುವುದಿಲ್ಲ. ಕೆಳಗಿನ ದಂತಚಕ್ರಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತ, ಅದನ್ನು ಮೇಲಕ್ಕೆ ಚಿಮ್ಮಿಸುತ್ತ, ಹಲ್ಲುಹಲ್ಲುಗಳ ನಡುವೆ ಅತಿಸೂಕ್ಷ್ಮವಾದ ಸ್ನಿಗ್ಧಪದರವೊಂದನ್ನು ಹರಡುವುದರಿಂದಲೇ ಉಕ್ಕು ಉಕ್ಕನ್ನು ಕಚ್ಚದೆ ಇರುವುದು. ಆಗುಂಬೆಯ 14 ತಿರುವುಗಳನ್ನು ಎರಡನೆಯ ಗೇರಿನಲ್ಲಿ ಇಳಿಯುವಾಗಲೂ, ಅಡಿಕೆ ಮೂಟೆ ಹೇರಿಕೊಂಡು ಹುಲಿಕಲ್ ಘಾಟಿಯನ್ನು ಹತ್ತುವಾಗಲೂ ವಾಹನದ ಸಮಸ್ತ ಭಾರವೂ ಆ ಪದರದ ಮೇಲೆಯೇ ಬೀಳುತ್ತದೆ.

ಇಷ್ಟು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಬೇಕೆಂದು ಕೈಪಿಡಿಗಳು ವಿಧಿಸುತ್ತವೆ. ಬಯಲುಸೀಮೆಗೆ ಆ ಲೆಕ್ಕ ಸರಿ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಓಡಾಡುವ ವಾಹನಕ್ಕೆ ದೂರಕ್ಕಿಂತಲೂ ನೀರೇ ಪ್ರಮಾಣವಾಗತಕ್ಕದ್ದೆಂದು ನನ್ನ ದೃಢವಾದ ಅಭಿಮತ. ಓಡಿ ಕಾದ ಗೇರ್ ಬಾಕ್ಸು ತುಂಬಿದ ಹಳ್ಳಕ್ಕೆ ಇಳಿದಾಗ ಒಳಗಿನ ಬಿಸಿಗಾಳಿ ಫಕ್ಕನೆ ತಣಿದು ಸಂಕುಚಿಸುತ್ತದೆ. ತೆರವಾದ ಜಾಗವನ್ನು ತುಂಬಲು ಉಸಿರುರಂಧ್ರದಿಂದಲೂ ಮುದಿಯಾದ ಆಯಿಲ್ ಸೀಲುಗಳ ಸಂದಿನಿಂದಲೂ ನೀರು ಒಳಸೇರುತ್ತದೆ. ಹಳ್ಳಕ್ಕಿಳಿಯದೆ ಮನೆಯಲ್ಲೇ ನಿಂತ ಕಾರಿಗೂ ತಿಂಗಳುಗಟ್ಟಲೆ ಬಿಡದ ಥಂಡಿಯಿಂದ ಒಳಗೆ ಹನಿಗಟ್ಟುವ ಭಯ ತಪ್ಪಿದ್ದಲ್ಲ. ನೀರು ಸೇರಿದ ಎಣ್ಣೆಯನ್ನು ಇಳಿಸಿದಾಗ ಅದು ಕಪ್ಪಗಿರದೆ, ಹಾಲು ಹೆಚ್ಚಾದ ಕಾಫಿಯಂತೆ ಮಾಸಲು ಕಂದುಬಣ್ಣಕ್ಕೆ ತಿರುಗಿ, ನೊರೆಗೂಡಿ ಬೀಳುವುದನ್ನು ಕಾಣಬಹುದು. ಬೇರಿಂಗುಗಳಿಗೆ ತುಕ್ಕು ಹತ್ತುವುದು ಇದರಿಂದಲೇ. ಆದುದರಿಂದ ಮಳೆ ಹಿಂದೆಗೆದು, ಅಡಿಕೆಯ ಕೊನೆಕೊಯ್ಲಿನ ಓಡಾಟ ಮೊದಲಾಗುವ ಮುನ್ನ, ದೀಪಾವಳಿಯ ಹೊತ್ತಿಗೆ ಈ ಕಾರ್ಯವನ್ನು ಪೂರೈಸುವುದು ಯುಕ್ತ. ಜೀಪಿನಲ್ಲಿ ಗೇರ್ ಬಾಕ್ಸಿನ ಬೆನ್ನಿಗೇ ಟ್ರಾನ್ಸ್‌ಫರ್ ಕೇಸ್ ಅಂಟಿಕೊಂಡಿರುವುದರಿಂದ ಎರಡರ ಎಣ್ಣೆಯನ್ನೂ ಒಟ್ಟಿಗೆ ಬದಲಿಸಬೇಕು.

ಯಾವ ಎಣ್ಣೆ ಎಂಬುದೇ ಮುಖ್ಯವಾದ ಪ್ರಶ್ನೆ. ಡಬ್ಬಿಯ ಮೇಲಿನ 90, 140 ಎಂಬ ಅಂಕಿಗಳು ಎಣ್ಣೆಯ ಮಂದತ್ವವನ್ನು ಮಾತ್ರ ಸೂಚಿಸುತ್ತವೆ. ಗುಣವನ್ನು ತಿಳಿಸುವುದು ಜಿಎಲ್-4, ಜಿಎಲ್-5 ಎಂಬ ಗುರುತು. ಹಿಂದಿನ ಆಕ್ಸಲ್ಲಿನ ಕ್ರೌನ್ ಚಕ್ರದ ಹಲ್ಲುಗಳು ಒಂದರ ಮೇಲೊಂದು ಒತ್ತಿ ಜಾರುವುದರಿಂದ, ಅಲ್ಲಿಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಅಧಿಕವಾಗಿ ಬೆರೆಸಿದ ಜಿಎಲ್-5 ಹೇಳಿ ಮಾಡಿಸಿದ್ದು. ಹೆಚ್ಚಿನ ಅಂಕಿಯದು ಹೆಚ್ಚು ಶ್ರೇಷ್ಠವಿರಬೇಕೆಂದು ಭಾವಿಸಿ ಅದನ್ನೇ ಹಳೆಯ ಗೇರ್ ಬಾಕ್ಸಿಗೂ ಸುರಿಯುವುದು ಸದುದ್ದೇಶದಿಂದಲೇ ನಡೆಯುವ ಅನರ್ಥ. ಗೇರು ಬದಲಿಸುವಾಗ ಚಕ್ರಗಳ ವೇಗವನ್ನು ಸರಿದೂಗಿಸುವ ಸಿಂಕ್ರೊ ಉಂಗುರಗಳು ಹಿತ್ತಾಳೆ, ಕಂಚುಗಳಂಥ ತಾಮ್ರಮಿಶ್ರಿತ ಲೋಹದವು. ಕಾದ ಎಣ್ಣೆಯ ಗಂಧಕವು ಆ ಲೋಹವನ್ನು ತಿನ್ನಬಲ್ಲುದು. ಅಲ್ಲದೆ ಉಂಗುರವು ತನ್ನ ಶಂಕುವನ್ನು ಹಿಡಿಯಲು ಕೊಂಚ ಘರ್ಷಣೆ ಅವಶ್ಯ. ಅತಿಯಾಗಿ ಜಾರುವ ಎಣ್ಣೆಯಲ್ಲಿ ಆ ಹಿಡಿತ ಸಿಗದೆ ಗೇರು ತಡವರಿಸುತ್ತದೆ. ಆ ಕಾಲದ ಎಂಜಿ ಮೊದಲಾದ ಬ್ರಿಟಿಷ್ ಕಾರುಗಳಲ್ಲಿ ಕೆಲವಕ್ಕೆ ಗೇರ್ ಬಾಕ್ಸಿಗೂ ಎಂಜಿನ್ ಎಣ್ಣೆಯನ್ನೇ ನಿರ್ದೇಶಿಸಿದ್ದುಂಟು. ಆಯಾ ವಾಹನದ ಕೈಪಿಡಿಯೇ ಇಲ್ಲಿ ಪ್ರಮಾಣಗ್ರಂಥ. ಅಂಗಡಿಯವರ ಶಿಫಾರಸು ಆಮೇಲಿನದು.

ಕೆಲಸವಾದರೋ ಕಠಿಣವಲ್ಲ. ನಾಲ್ಕಾರು ಮೈಲಿ ಓಡಿಸಿ ಎಣ್ಣೆಯನ್ನು ಬೆಚ್ಚಗಾಗಿಸಿ, ಸಮತಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಮೊದಲು ಮೇಲಿನ ಫಿಲ್ಲರ್ ನಟ್ಟನ್ನೇ ಬಿಚ್ಚಬೇಕು. ಈ ಕ್ರಮ ತಪ್ಪಬಾರದು: ಎಣ್ಣೆಯನ್ನೆಲ್ಲ ಕೆಳಗಿಳಿಸಿದ ಮೇಲೆ ತುಕ್ಕು ಹಿಡಿದ ಫಿಲ್ಲರ್ ನಟ್ಟು ಅಲುಗದೆ ಹೋದರೆ, ತುಂಬಲು ದಾರಿಯಿಲ್ಲದೆ ವಾಹನ ನಿಂತಲ್ಲೇ ನಿಲ್ಲಬೇಕಾಗುತ್ತದೆ. ಬಳಿಕ ಡ್ರೇನ್ ನಟ್ಟು ತೆಗೆದು, ಹನಿ ನಿಲ್ಲುವವರೆಗೂ ಕಾಯಬೇಕು. ಇಳಿದ ಎಣ್ಣೆಯನ್ನು ಬೆರಳಿನಿಂದ ಉಜ್ಜಿ ಬಿಸಿಲಿಗೆ ಹಿಡಿದು ನೋಡಿರಿ. ಬೂದುಬಣ್ಣದ ನುಣುಪಾದ ಹುಡಿಯಿದ್ದರೆ ಅದು ವಯೋಧರ್ಮ. ಹೊಂಬಣ್ಣದ ಕಣಗಳು ಮಿನುಗಿದರೆ ಸಿಂಕ್ರೊ ಉಂಗುರಗಳು ಕರಗುತ್ತಿವೆಯೆಂದು ತಿಳಿಯಬೇಕು. ಉಕ್ಕಿನ ಚೂರೇ ಸಿಕ್ಕಿತೋ, ಹಲ್ಲೊಂದು ಮುರಿದಿರುವುದರಿಂದ ಮಿಸ್ತ್ರಿಯನ್ನು ಕರೆಸದೆ ಗತ್ಯಂತರವಿಲ್ಲ. ಹೊಸ ವಾಷರ್ ಹಾಕಿ ಕೆಳನಟ್ಟನ್ನು ಬಿಗಿದು, ಫಿಲ್ಲರ್ ರಂಧ್ರದ ಅಂಚಿನಿಂದ ಎಣ್ಣೆ ತಾನಾಗಿ ತೊಟ್ಟಿಕ್ಕುವವರೆಗೆ ತುಂಬಿದರೆ ಸಾಕು. ಮೀರಿ ತುಂಬಿದ್ದು ಸೀಲನ್ನು ದಾಟಿ ಕ್ಲಚ್ ಪ್ಲೇಟನ್ನು ತೊಯ್ಯಿಸುತ್ತದೆ. ಆ ಮೇಲೆ ಏರಿನಲ್ಲಿ ಕ್ಲಚ್ಚು ಜಾರುವುದು.

ಇಳಿಸಿದ ಹಳೆಯ ಎಣ್ಣೆಯನ್ನು ತೋಟದ ಬಸಿಗಾಲುವೆಯಾದ ಕಪ್ಪಿಗೆ ಚೆಲ್ಲುವ ಅಭ್ಯಾಸ ಮಾತ್ರ ಖಂಡಿತ ಕೂಡದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಹೊಸನಗರವನ್ನು ಹಾದು, ಸಾಗರದ ಸೀಮೆಯಲ್ಲಿ ಜೋಗವಾಗಿ ಧುಮುಕುವಳು. ಈ ನಾಡಿನಲ್ಲಿ ಕಪ್ಪಿಗೆ ಬಿದ್ದದ್ದು ಹಳ್ಳಕ್ಕೂ, ಹಳ್ಳದ್ದು ಹೊಳೆಗೂ ಸೇರಲು ಒಂದು ಮಳೆ ಸಾಕು. ಹೊಸ ಎಣ್ಣೆ ತಂದ ಡಬ್ಬಿಗೇ ಹಳೆಯದನ್ನು ತುಂಬಿ ಮುಚ್ಚಳ ಬಿಗಿದು, ಮುಂದಿನ ಸಂತೆಯ ದಿನ ಪೇಟೆಗೆ ಹೋಗುವಾಗ, ಹಳೆ ಎಣ್ಣೆ ಕೂಡಿಡುವ ಗ್ಯಾರೇಜಿಗೆ ಕೊಟ್ಟು ಬನ್ನಿ.