ಆಡಿದ ಆಟವನ್ನು ಅರಿಯಲು ಯಾವ ಯಂತ್ರ?

ಹೋಟೆಲಿನ ಬಾಗಿಲು ಮುಚ್ಚಿದ ಮೇಲೆ, ಕಚೇರಿಯಿಂದ ಮರಳುವ ಲೋಕಲ್ ಗಾಡಿಯಲ್ಲಿ, ನಮ್ಮವರಲ್ಲಿ ಅನೇಕರು ಮೊಬೈಲಿನಲ್ಲಿ ಚದುರಂಗವಾಡುತ್ತಿರುವುದನ್ನು ನಾವು ಬಲ್ಲೆವು. ದಿನಕ್ಕೆ ಹತ್ತು ಆಟ ಆಡುವವರೂ ಅದರಲ್ಲಿ ಒಂದನ್ನಾದರೂ ಮರಳಿ ನೋಡುವುದು ವಿರಳ. ನೋಡಬೇಕೆಂಬ ಮನಸ್ಸಾದವರಿಗೆ ಮೊದಲು ಎದುರಾಗುವ ಪ್ರಶ್ನೆ, ಇದಕ್ಕಾಗಿ ಹಣ ವೆಚ್ಚ ಮಾಡಬೇಕೇ ಎಂಬುದು. ಊರಿಗೆ ಕಳುಹಿಸಿ ಉಳಿದುದರಲ್ಲಿ ತಿಂಗಳು ಸಾಗಿಸುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಬೇಕಿಲ್ಲವೆಂಬುದೇ ನಮ್ಮ ಸ್ಪಷ್ಟವಾದ ಅಭಿಪ್ರಾಯ.

1997ರಲ್ಲಿ ವಿಶ್ವವಿಜೇತ ಕಾಸ್ಪರೋವರನ್ನು ಸೋಲಿಸಲು ಐ.ಬಿ.ಎಂ. ಸಂಸ್ಥೆಗೆ ಡೀಪ್ ಬ್ಲೂ ಎಂಬ ಬೃಹತ್ ಯಂತ್ರ ಬೇಕಾಗಿತ್ತು. ಅದಕ್ಕಿಂತಲೂ ಬಲಶಾಲಿಯಾದ ಸ್ಟಾಕ್‌ಫಿಶ್ ಎಂಬ ತಂತ್ರಾಂಶ ಇಂದು ಎಲ್ಲರಿಗೂ ಉಚಿತ. 2008ರಲ್ಲಿ ಹೊರಬಂದ ಇದರ ಹೆಸರು ನಾರ್ವೆಯವರ ಒಣಮೀನಿನದು. ಕರಾವಳಿಯ ನಮ್ಮ ವಾಚಕರಿಗೆ ರುಚಿಸದಿರದು!

ಲಿಚೆಸ್ ಎಂಬ ತಾಣದಲ್ಲಿ ಶುಲ್ಕವಿಲ್ಲ, ಜಾಹೀರಾತಿಲ್ಲ. ಅಲ್ಲಿ ವಿಶ್ಲೇಷಣೆ ಕೇಳಿದರೆ ಇದೇ ಸ್ಟಾಕ್‌ಫಿಶ್ ಸ್ವಯಂಸೇವಕರ ಕಂಪ್ಯೂಟರುಗಳಲ್ಲಿ ಲೆಕ್ಕ ಹಾಕುತ್ತದೆ. ನಮ್ಮ ಫೋನಿಗೆ ಶ್ರಮವಿಲ್ಲ. ಬೇರೆಡೆ ಆಡಿದ ಆಟವನ್ನೂ ಪಿ.ಜಿ.ಎನ್. ರೂಪದಲ್ಲಿ ಸೇರಿಸಬಹುದು. ಇಂಟರ್ನೆಟ್ ಸಿಗದೆಡೆಗೆ ಡ್ರಾಯ್ಡ್‌ಫಿಶ್ ಉಂಟು. ಹ್ಯಾಂಬರ್ಗಿನ ಚೆಸ್‌ಬೇಸ್ ಹಣ ಕೊಟ್ಟು ಕೊಳ್ಳುವಂಥದು, ವಿಂಡೋಸ್ ಕಂಪ್ಯೂಟರನ್ನೂ ಬೇಡುತ್ತದೆ. ಲಕ್ಷಗಟ್ಟಲೆ ಆಟಗಳ ಸಂಗ್ರಹದಲ್ಲಿ ಎದುರಾಳಿಯನ್ನು ಅಭ್ಯಸಿಸುವ ಪಂದ್ಯಗಾರರಿಗೆ ಅದು ಸಲ್ಲಲಿ.

ಇನ್ನು ಬಳಸುವ ಬಗೆ. ಯಂತ್ರವು +1 ಎಂದರೆ ಬಿಳಿಯ ಪಕ್ಷಕ್ಕೆ ಸುಮಾರು ಒಂದು ಕಾಲಾಳಿನಷ್ಟು ಮೇಲುಗೈ. 0.2, 0.3ರ ಏರಿಳಿತಕ್ಕೆ ನಾವು ನೀವು ತಲೆಕೆಡಿಸಿಕೊಳ್ಳಬೇಕಾದುದಿಲ್ಲ. ಅಂಕಿ ಒಮ್ಮೆಲೇ ಎರಡರಷ್ಟು ಕುಸಿದಲ್ಲಿ ನಿಂತು ನೋಡಬೇಕು. ಉತ್ತಮ ನಡೆಯನ್ನು ತೋರಿಸುವ ಯಂತ್ರ ಕಾರಣವನ್ನು ಮಾತ್ರ ಹೇಳದು. ಅದನ್ನು ಹೇಳಿಸುವ ಉಪಾಯವೊಂದಿದೆ: ನಮ್ಮ ಮನಸ್ಸಿನಲ್ಲಿದ್ದ ನಡೆಯನ್ನೇ ಹಲಗೆಯ ಮೇಲೆ ನಡೆಸಿ, ಯಂತ್ರವು ಕೊಡುವ ಮಾರುತ್ತರವನ್ನು ನೋಡುವುದು. ಕುದುರೆ ಮುಂದೆ ಹಾರಿದೊಡನೆ ಹಿಂದಿನ ಆನೆಗೆ ಕಾವಲು ತಪ್ಪಿತ್ತೆಂಬುದು ಆಗ ಕಣ್ಣಿಗೆ ಬೀಳುತ್ತದೆ. ತಪ್ಪಿದ ಸ್ಥಾನಗಳನ್ನೇ ಒಂದೊಂದಾಗಿ ಮುಂದಿಟ್ಟು, ಮೇಲಾದ ನಡೆಯನ್ನು ಹುಡುಕಲು ಹೇಳುವ ಏರ್ಪಾಡೂ ಲಿಚೆಸ್‌ನಲ್ಲಿದೆ. ರಾತ್ರಿ ಹತ್ತು ನಿಮಿಷ ಇದಕ್ಕೆ ಸಾಕು.

ಆದರೆ ಯಂತ್ರವನ್ನು ತೆರೆಯುವ ಮುನ್ನ, ಎಲ್ಲಿ ಎಡವಿದೆವೆಂದು ತೋರುವುದೋ ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ಯಂತ್ರವಿಲ್ಲದ ಕಾಲದಲ್ಲಿ ವಿಶ್ವವಿಜೇತ ಬೊಟ್ವಿನ್ನಿಕ್ ತಮ್ಮ ಆಟಗಳನ್ನು ತಾವೇ ನಿಷ್ಠುರವಾಗಿ ವಿಶ್ಲೇಷಿಸಿ ಬೆಳೆದವರು. ಆಟ ನಡೆದಿರುವಾಗ ಮಾತ್ರ ಯಂತ್ರವನ್ನು ಮುಟ್ಟಕೂಡದು. ಅದು ಮೋಸ, ಅಂಥವರ ಖಾತೆಗಳ ಮೇಲೆ ತಾಣಗಳು ಕ್ರಮ ಕೈಗೊಳ್ಳುತ್ತವೆ.