ದಕ್ಕನಿ ಕುರಿಯ ವಂಶಾವಳಿ

ಛತ್ರಪತಿ ಸಂಭಾಜಿನಗರದಿಂದ ಎಲ್ಲೋರಕ್ಕೆ ಹೊರಟ ಕನ್ನಡಿಗರ ಮನಸ್ಸೆಲ್ಲ ರಾಷ್ಟ್ರಕೂಟ ಕೃಷ್ಣ ಕೊರೆಸಿದ ಕೈಲಾಸದ ಮೇಲಿರುತ್ತದೆ. ದೌಲತಾಬಾದ್ ಕೋಟೆಗೆ ಮುಂಚೆ ಪಡೇಗಾಂವ್ ಎಂಬ ಊರು ಬಂದು ಹೋದದ್ದು ಯಾರಿಗೂ ತಿಳಿಯುವುದಿಲ್ಲ. ಮಹಾರಾಷ್ಟ್ರ ಸರ್ಕಾರದ ಕುರಿ–ಮೇಕೆ ಅಭಿವೃದ್ಧಿ ಮಹಾಮಂಡಳಕ್ಕೆ ಅಲ್ಲೊಂದು ಸಾಕಣೆ ಕ್ಷೇತ್ರವಿದೆ. ಮಹಾಮಂಡಳಕ್ಕೆ ಇಟ್ಟಿರುವುದು ಪುಣ್ಯಶ್ಲೋಕ ಅಹಿಲ್ಯಾದೇವಿಯ ಹೆಸರು. ಕುರಿ ಕಾಯುವ ಧನಗರರ ಮನೆಯಲ್ಲಿ ಹುಟ್ಟಿ ಮಾಳವವನ್ನು ಆಳಿದಾಕೆ. ನಾಶಿಕ್‌ಗೂ ಸಂಭಾಜಿನಗರಕ್ಕೂ ತಾಗಿಕೊಂಡಿರುವ ಅಹಮದ್‌ನಗರವೂ ಈಗ ಆಕೆಯ ಹೆಸರಲ್ಲೇ ಅಹಿಲ್ಯಾನಗರವಾಗಿದೆ.

ಈ ಸೀಮೆಯ ಕುರಿ ದಕ್ಕನಿ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕುರುಬರ ಹಟ್ಟಿಗಳಲ್ಲಿರುವುದೂ ಇದೇ. ಹೆಚ್ಚಾಗಿ ಕಪ್ಪು ಮೈ, ಉಬ್ಬಿದ ಮೂಗು, ಜೋತ ಕಿವಿ. ಟಗರಿಗೆ ಸುರುಳಿ ಕೊಂಬು, ಹೆಣ್ಣು ಬಹುತೇಕ ಬೋಳು. ಉಣ್ಣೆ ಒರಟು, ಕಂಬಳಿಗಷ್ಟೇ ಸರಿ. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿಯಿಂದ ಸಿಗುವುದು ಅರ್ಧ ಕಿಲೋ ಆಸುಪಾಸು. ಮಳೆಗಾಲ ಮುಗಿದ ಮೇಲೆ ಘಟ್ಟ ಇಳಿದು ಕೊಂಕಣಕ್ಕೆ ಹೋಗಿ, ಮುಂಗಾರಿನ ಹೊತ್ತಿಗೆ ಮರಳುವ ಹಿಂಡುಗಳು ಇಂದಿಗೂ ಇವೆ. ದಾರಿಯ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಗಾಹಿಗೆ ಕಾಳೋ ಕಾಸೋ.

ದಕ್ಕನಿ ಒಂದೇ ಅಚ್ಚಿನ ತಳಿಯಲ್ಲ. ಸಂಗಮನೇರಿ, ಲೋಣಂದ್, ಸೋಲಾಪುರಿ, ಕೊಲ್ಹಾಪುರಿ ಎಂದು ಅದರಲ್ಲೇ ಕವಲುಗಳಿವೆ. ನಾಶಿಕ್ ಕಡೆಯದು ಸಂಗಮನೇರಿ. ಇಷ್ಟೊಂದು ಬಗೆ ಹೇಗೆ ಬಂತು ಎನ್ನುವುದಕ್ಕೆ ಉತ್ತರ ಹಿಂಡಿನ ಟಗರಿನಲ್ಲಿದೆ. ಯಾವ ಮರಿಯನ್ನು ಬೀಜಕ್ಕೆ ಉಳಿಸಬೇಕು, ಯಾವುದನ್ನು ಸಂತೆಗೆ ಹೊಡೆಯಬೇಕು ಎಂದು ತಲೆಮಾರುಗಳಿಂದ ತೀರ್ಮಾನಿಸುತ್ತ ಬಂದವನು ಕುರಿಗಾಹಿ. ಪುಸ್ತಕದಲ್ಲಿ ಬರೆದಿಡಲಿಲ್ಲ, ಅಷ್ಟೇ.

ಬರೆಯದೆ ಬಿಟ್ಟದ್ದನ್ನು ಈಗ ಡಿಎನ್‌ಎ ಓದಿ ಹೇಳುತ್ತದೆ. ಕುರಿ ಮನುಷ್ಯನಿಗೆ ಪಳಗಿದ್ದು ಸುಮಾರು 10,000 ವರ್ಷಗಳ ಹಿಂದೆ, ಪಶ್ಚಿಮ ಏಷ್ಯಾದಲ್ಲಿ, ಮೌಫ್ಲಾನ್ ಎಂಬ ಕಾಡುಕುರಿಯಿಂದ. ತಾಯಿಯಿಂದ ಮಾತ್ರ ಇಳಿದುಬರುವ ಡಿಎನ್‌ಎ ನೋಡಿ ವಿಜ್ಞಾನಿಗಳು ಜಗತ್ತಿನ ಕುರಿಗಳನ್ನು ಐದು ವಂಶಗಳಾಗಿ ವಿಂಗಡಿಸಿದ್ದಾರೆ. ಯೂರೋಪಿನಲ್ಲಿ ‘ಬಿ’ ವಂಶ ಮೇಲುಗೈ, ಭಾರತದಲ್ಲಿ ‘ಎ’. 2012ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು 74 ತಳಿಗಳ 2,819 ಕುರಿಗಳನ್ನು ಹೋಲಿಸಿತು. ಅವುಗಳಲ್ಲಿ ನಮ್ಮ ದಕ್ಕನಿಯೂ ಇತ್ತು. ಕುರಿ ತಳಿಗಳು ಹಿಂದಿನಿಂದಲೂ ಒಂದರೊಡನೊಂದು ಬೆರೆಯುತ್ತಲೇ ಬಂದಿವೆ, ಹೆಚ್ಚಿನವುಗಳಲ್ಲಿ ವೈವಿಧ್ಯ ಚೆನ್ನಾಗಿಯೇ ಉಳಿದಿದೆ ಎಂಬುದು ಅದರ ತಿರುಳು. ಶುದ್ಧ ರಕ್ತದ ಜಂಬಕ್ಕೆ ಕುರಿಲೋಕದಲ್ಲಿ ಜಾಗ ಕಡಿಮೆ.

ಬೆರಕೆಯನ್ನು ಲೆಕ್ಕವಿಟ್ಟು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸಾತಾರಾ ಜಿಲ್ಲೆಯ ಫಲ್ಟಣ್‌ನತ್ತ ನೋಡಬೇಕು. ಅಲ್ಲಿನ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ (ನಾರಿ) 1968ರಲ್ಲಿ ಆರಂಭವಾದದ್ದು. ದಕ್ಕನಿ ಸಾಮಾನ್ಯವಾಗಿ ಈಯುವುದು ಒಂದೇ ಮರಿ. ಬಂಗಾಳದ ಸುಂದರಬನದ ಗರೋಲ್ ಕುರಿ ಗಾತ್ರದಲ್ಲಿ ಕುಳ್ಳು, ಆದರೆ ಎರಡು ಮೂರು ಮರಿ ಹಾಕುತ್ತದೆ. ಇದರ ಗುಟ್ಟು ಫೆಕ್‌ಬಿ ಎಂಬ ಒಂದೇ ಒಂದು ಜೀನ್ ಬದಲಾವಣೆ. ಮೊದಲು ಇದು ಪತ್ತೆಯಾದದ್ದು ಆಸ್ಟ್ರೇಲಿಯಾದ ಬೂರೂಲ ಮೆರಿನೊದಲ್ಲಿ. ಅಲ್ಲಿಗದು ಹೋದದ್ದು 1792–93ರಲ್ಲಿ ಕಲ್ಕತ್ತೆಯಿಂದ ಹಡಗೇರಿದ ಬಂಗಾಳಿ ಕುರಿಗಳ ಜೊತೆ ಎಂದು ಸಂಶೋಧಕರು ನಂಬುತ್ತಾರೆ. ನಮ್ಮ ಮನೆಯ ಒಡವೆಯನ್ನು ಪರದೇಶದವರು ಗುರುತಿಸಿಕೊಟ್ಟ ಕಥೆ!

ಫಲ್ಟಣ್‌ನವರು ಗರೋಲ್ ಟಗರನ್ನು ದಕ್ಕನಿಗೆ ಕೂಡಿಸಿದರು. ಹುಟ್ಟಿದ ಮರಿಗಳನ್ನು ಮತ್ತೆ ಮತ್ತೆ ದಕ್ಕನಿಗೇ ಕೂಡಿಸುತ್ತ, ಜೀನ್ ಇರುವ ಮರಿಗಳನ್ನು ರಕ್ತಪರೀಕ್ಷೆಯಿಂದ ಆರಿಸುತ್ತ ಬಂದರು. ಹೀಗೆ ರೂಪುಗೊಂಡದ್ದು ‘ನಾರಿ ಸುವರ್ಣ’. ಗರೋಲ್‌ನ ಕುಳ್ಳು ಮೈ ಹಿಂದುಳಿಯಿತು, ಅವಳಿ ಮರಿಯ ಗುಣ ಉಳಿಯಿತು. ಅವಳಿ ಎಂದಮೇಲೆ ತಾಯಿಗೆ ಮೇವೂ ಮರಿಗಳಿಗೆ ಆರೈಕೆಯೂ ಹೆಚ್ಚು ಬೇಕು. ಬರಗಾಲದಲ್ಲಿ ಅಲೆಯುವ ಹಿಂಡಿಗೆ ಇದು ಸಲೀಸಲ್ಲ ಎಂಬುದನ್ನೂ ಹೇಳಬೇಕು.

ಲೆಕ್ಕವಿಲ್ಲದ ಬೆರಕೆಯೂ ಜೋರಾಗಿದೆ. ಉಣ್ಣೆಗೆ ಬೆಲೆಯಿಲ್ಲ, ಮಾಂಸಕ್ಕಿದೆ. ಹಾಗಾಗಿ ಎತ್ತರದ, ಉಣ್ಣೆ ಕಡಿಮೆಯಿರುವ ಟಗರುಗಳು ಹಿಂಡು ಸೇರುತ್ತಿವೆ. ಇಂಥದ್ದೇ ಆದ, ಮಹಾರಾಷ್ಟ್ರದಲ್ಲಿದ್ದೂ ಕನ್ನಡ ಮಾತಾಡುವ ಜತ್ ತಾಲ್ಲೂಕಿನ ಮಾಡಗ್ಯಾಳ ಕುರಿಯ ಖ್ಯಾತಿ ಎಷ್ಟೆಂದರೆ, 2020ರಲ್ಲಿ ಆಟಪಾಡಿ ಜಾತ್ರೆಯಲ್ಲಿ 70 ಲಕ್ಷಕ್ಕೆ ಕೇಳಿದರೂ ಕೊಡದ ಟಗರಿನ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮಾಡಗ್ಯಾಳ ಒಳ್ಳೆಯ ಕುರಿಯೇ. ಆದರೆ ತಿಂಗಳುಗಟ್ಟಲೆ ನಡೆದು, ಕೂಳೆ ಮೇದು, ಮಳೆಚಳಿಗೆ ಬಯಲಲ್ಲೇ ಮಲಗುವ ಕಸುವು ಉಣ್ಣೆಯ ಕುರಿಗಿದ್ದಷ್ಟು ಉಣ್ಣೆಯಿಲ್ಲದ್ದಕ್ಕಿಲ್ಲ ಎನ್ನುವವರು ಕುರಿಗಾಹಿಗಳಲ್ಲಿ ಬೇಕಾದಷ್ಟಿದ್ದಾರೆ.

2019ರ ಜಾನುವಾರು ಗಣತಿಯಂತೆ ಮಹಾರಾಷ್ಟ್ರದಲ್ಲಿರುವುದು ಸುಮಾರು 27 ಲಕ್ಷ ಕುರಿ, ಕರ್ನಾಟಕದಲ್ಲಿ 1.11 ಕೋಟಿ. ಮಹಾರಾಷ್ಟ್ರದಲ್ಲಿ ರಾಹುರಿಯ ಕೃಷಿ ವಿಶ್ವವಿದ್ಯಾಲಯ ದಕ್ಕನಿಯ ಸುಧಾರಣೆಗೆಂದೇ ಒಂದು ಯೋಜನೆ ನಡೆಸಿದೆ. ನಾಲ್ಕು ಪಟ್ಟು ಕುರಿಯಿರುವ ನಾವು ಬೀದರ್, ಕಲಬುರಗಿಯ ಹಟ್ಟಿಗಳಿಗೆ ಆಯ್ದ ದಕ್ಕನಿ ಟಗರನ್ನು ಕೈಗೆಟಕುವ ಬೆಲೆಗೆ ಒದಗಿಸಬೇಕು, ಒರಟು ಉಣ್ಣೆಗೆ ಖಾತರಿ ಖರೀದಿಯ ವ್ಯವಸ್ಥೆಯನ್ನೂ ಮಾಡಬೇಕು.