ಪಿಕಪ್ ಗಾಡಿಯ ಹಳೆಯ ರೇಡಿಯೋ ಬದಲಾಯಿಸುವ ಮುನ್ನ



ತರಕಾರಿ, ಹಾಲು, ಗೊಬ್ಬರ ಸಾಗಿಸಲೆಂದು ಹಳೆಯ ಪಿಕಪ್ ಗಾಡಿ ಕೊಂಡವರು ಈಗ ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಗಾಡಿಯೊಡನೆ ಕಾರ್ಖಾನೆಯಿಂದಲೇ ಬಂದ ರೇಡಿಯೋ ಹತ್ತು ಹದಿನೈದು ವರ್ಷಗಳಲ್ಲಿ ಗೊರಗೊರ ಎನ್ನತೊಡಗುತ್ತದೆ. ಅದನ್ನು ಕಿತ್ತು ಹೊಸದನ್ನು ಹಾಕಿಸಬೇಕೆಂಬ ಆಸೆ ಸಹಜವೇ. ಆದರೆ ಈ ಕೆಲಸ ಕೆಟ್ಟರೆ ನಷ್ಟವು ರೇಡಿಯೋವಿನ ಬೆಲೆಗೆ ನಿಲ್ಲುವುದಿಲ್ಲ.

ಕೋಲಾರದ ಕಡೆಯ ಹಿರಿಯ ರೈತರೊಬ್ಬರು ಸಂಜೆಯೇ ಟೊಮೆಟೊ ಕ್ರೇಟುಗಳನ್ನು ಹೇರಿಟ್ಟು, ಬೆಳಗಿನ ಜಾವ ಮಂಡಿಗೆ ಹೊರಟರು. ಕೀಲಿ ತಿರುಗಿಸಿದರೆ ಗಾಡಿ ಟಕ್ ಎಂದು ಸುಮ್ಮನಾಯಿತು. ನಾಲ್ವರು ಸೇರಿ ತಳ್ಳಿ, ಮಂಡಿ ಮುಟ್ಟುವ ಹೊತ್ತಿಗೆ ಹರಾಜು ಮುಗಿಯುತ್ತ ಬಂದಿತ್ತು. ಸಿಕ್ಕ ಬೆಲೆಗೆ ಕೊಟ್ಟು ಬಂದರು. "ಬ್ಯಾಟರಿ ಹೊಸದು ಕಣಪ್ಪ, ಎಂಟು ತಿಂಗಳೂ ಆಗಿಲ್ಲ. ಗಾಡಿಗೆ ಯಾರದೋ ಕಣ್ಣು ಬಿದ್ದಿದೆ" ಎಂದು ನನ್ನೆದುರು ನೊಂದುಕೊಂಡರು. ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿದಾಗ ಕಾರಣ ಸಿಕ್ಕಿತು. ವಾರದ ಹಿಂದೆ ಪೇಟೆಯಲ್ಲಿ ಹೊಸ ರೇಡಿಯೋ ಹಾಕಿದಾತ ಕೆಂಪು ತಂತಿಯನ್ನೂ ಹಳದಿ ತಂತಿಯನ್ನೂ ಒಟ್ಟಿಗೆ ಹೊಸೆದು ಟೇಪು ಸುತ್ತಿಬಿಟ್ಟಿದ್ದ.

ಈ ಎರಡು ತಂತಿಗಳ ಕೆಲಸ ಬೇರೆ ಬೇರೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೆಟ್ಟುಗಳಲ್ಲಿ ಹಳದಿ ತಂತಿಯು ಫ್ಯೂಸಿನ ಮೂಲಕ ಸದಾ ಬ್ಯಾಟರಿಗೆ ಸೇರಿರಬೇಕು. ಸ್ಟೇಷನ್ನು, ಗಡಿಯಾರ ಇವುಗಳ ನೆನಪನ್ನು ಅದು ಕಾಯುತ್ತದೆ. ಸೆಟ್ಟು ಮಲಗಿದ್ದಾಗ ಅದಕ್ಕೆ ಹೋಗುವ ವಿದ್ಯುತ್ತು ಅತ್ಯಲ್ಪ. ಕೆಂಪು ತಂತಿಗೆ ಗಾಡಿಯ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರಬೇಕು. ಕೀಲಿ ತೆಗೆದೊಡನೆ ಸೆಟ್ಟು ಮಲಗುವುದು ಈ ತಂತಿಯಿಂದಲೇ. ಎರಡನ್ನೂ ಕೂಡಿಸಿದರೆ ಕೀಲಿ ತೆಗೆದರೂ ಸೆಟ್ಟಿಗೆ ತಿಳಿಯದು. ಶಬ್ದ ಪೂರ್ತಿ ಇಳಿಸಿಟ್ಟ ಸೆಟ್ಟು 1 ಆಂಪಿಯರ್ ಎಳೆಯುತ್ತಿದೆ ಎನ್ನೋಣ. ಒಂದು ದಿನಕ್ಕೆ 24 ಆಂಪಿಯರ್-ಗಂಟೆ ಹೋಯಿತು. ಮಳೆಯೆಂದು ಗಾಡಿ ಮೂರು ದಿನ ನಿಂತರೆ 75 ಆಂಪಿಯರ್-ಗಂಟೆಯ ಬ್ಯಾಟರಿಯೂ ಬರಿದು. ಆ ರೈತರ ಗಾಡಿ ಎರಡು ದಿನ ನಿಂತಿತ್ತು. ಎರಡು ತಂತಿಗಳನ್ನು ಅದಲು ಬದಲು ಮಾಡಿದರೆ ಇನ್ನೊಂದು ತೊಂದರೆ: ಪ್ರತಿ ಸಲ ಕೀಲಿ ತೆಗೆದಾಗಲೂ ಸೆಟ್ಟು ತನ್ನ ಸ್ಟೇಷನ್ನುಗಳನ್ನು ಮರೆಯುತ್ತದೆ.

ಅಷ್ಟಕ್ಕೂ ರೇಡಿಯೋ ಬದಲಾಯಿಸಲೇಬೇಕೆ? ಧ್ವನಿ ಒಡೆದು ಬರುತ್ತಿದ್ದರೆ ತಪ್ಪು ಬಹುಮಟ್ಟಿಗೆ ಸ್ಪೀಕರಿನದು. ಧೂಳು, ತೇವ, ಬಿಸಿಲಿಗೆ ಅದರ ಕಾಗದದ ಬಟ್ಟಲು ಹರಿದಿರುತ್ತದೆ. ಸ್ಟೇಷನ್ನು ಸರಿಯಾಗಿ ಹಿಡಿಯದಿದ್ದರೆ ಏರಿಯಲ್ ಕಡ್ಡಿಯ ಬುಡವನ್ನು ನೋಡಿ. ಅಲ್ಲಿ ತುಕ್ಕು ಕಟ್ಟಿ ಗಾಡಿಯ ಲೋಹದೊಡನೆ ಸಂಪರ್ಕ ತಪ್ಪಿರುವುದುಂಟು. ಬುಡ ಕಳಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿದರೆ ಖರ್ಚಿಲ್ಲದೆ ಕೆಲಸ ಆಗುತ್ತದೆ. ಮೊದಲು ಏರಿಯಲ್, ಆಮೇಲೆ ಸ್ಪೀಕರ್, ಕೊನೆಗೆ ರೇಡಿಯೋ ಎಂಬ ಕ್ರಮವೇ ಸರಿಯೆಂದು ನನ್ನ ಅಭಿಪ್ರಾಯ. ಅಂಗಡಿಯವರು ಸಾಮಾನ್ಯವಾಗಿ ಇದನ್ನು ತಿರುವುಮುರುವಾಗಿ ಹೇಳುತ್ತಾರೆ!

ಕೊಳ್ಳಲೇಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ: ಇದರಲ್ಲಿ ಮಧ್ಯಮ ತರಂಗ ಬರುತ್ತದೆಯೆ? ಅಗ್ಗದ ಸೆಟ್ಟುಗಳು ಹಲವುದರಲ್ಲಿ ಎಫ್.ಎಂ. ಮಾತ್ರ ಇರುತ್ತದೆ. ಎಫ್.ಎಂ. ಧ್ವನಿ ಚೆನ್ನ, ಆದರೆ ಅದರ ಅಲೆಗಳು ಹೆಚ್ಚುಕಡಿಮೆ ನೇರ ದೃಷ್ಟಿಯಷ್ಟೇ ದೂರ ಹೋಗುತ್ತವೆ. ಗುಡ್ಡ ದಾಟಿದೊಡನೆ ಕ್ಷೀಣಿಸುತ್ತವೆ. ಮಧ್ಯಮ ತರಂಗವು ನೆಲವನ್ನು ಅನುಸರಿಸಿ ಬಹುದೂರ ಸಾಗುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್, ಧಾರವಾಡದ 765 ಕಿಲೋಹರ್ಟ್ಸ್ ಹೀಗೆ ಜಿಲ್ಲೆಗಳಾಚೆಗೂ ಕೇಳಿಬರುವಂಥವು. ರೈತರ ಕಾರ್ಯಕ್ರಮ, ಹವಾಮಾನ, ಪ್ರದೇಶ ಸಮಾಚಾರ ಇವನ್ನು ದಾರಿಯಲ್ಲಿ ಕೇಳುವ ಅಭ್ಯಾಸವಿದ್ದವರು ಎಫ್.ಎಂ. ಮಾತ್ರ ಇರುವ ಸೆಟ್ಟು ತಂದರೆ, ಹಣ ಕೊಟ್ಟು ಇದ್ದದ್ದನ್ನು ಕಳೆದುಕೊಂಡಂತೆ.

ವಿದೇಶದಿಂದ ಬಂದ ಸೆಟ್ಟು ಅಗ್ಗಕ್ಕೆ ಸಿಕ್ಕಿದರೆ ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ ಮಧ್ಯಮ ತರಂಗದ ಸ್ಟೇಷನ್ನುಗಳು 9 ಕಿಲೋಹರ್ಟ್ಸ್ ಅಂತರದಲ್ಲಿವೆ, ಅಮೆರಿಕದಲ್ಲಿ 10. ಅಲ್ಲಿಯ ಸೆಟ್ಟು 610ಕ್ಕೆ ನಿಲ್ಲುತ್ತದೆ, ಇಲ್ಲವೆ 620ಕ್ಕೆ ಹಾರುತ್ತದೆ. 612ಕ್ಕೆ ಸರಿಯಾಗಿ ಕೂರುವುದೇ ಇಲ್ಲ. ಪ್ರದೇಶ ಬದಲಿಸುವ ಅನುಕೂಲ ಅದರಲ್ಲಿದ್ದರೆ ಮಾತ್ರ ತೆಗೆದುಕೊಳ್ಳಿ.

ಪೆಟ್ಟಿಗೆಯ ಮೇಲೆ "50 ವ್ಯಾಟ್, ನಾಲ್ಕು ಸ್ಪೀಕರಿಗೆ" ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಹಾಗಾದರೆ ಒಟ್ಟು 200 ವ್ಯಾಟ್ ಆಯಿತು. ಅದೇ ಸೆಟ್ಟಿನ ಹಿಂದೆ 10 ಆಂಪಿಯರ್ ಫ್ಯೂಸು ಇದ್ದರೆ ನೀವೇ ಗುಣಿಸಿ ನೋಡಿ. ಗಾಡಿ ಓಡುವಾಗ ಸುಮಾರು 14 ವೋಲ್ಟು. 10 ಆಂಪಿಯರಿಗೆ 140 ವ್ಯಾಟ್. ಒಳಗೆ ಹೋಗದ ವಿದ್ಯುತ್ತು ಹೊರಗೆ ಶಬ್ದವಾಗಿ ಬಂದೀತೆ? ಅಂಥ ಸೆಟ್ಟು ಎಡೆಬಿಡದೆ ಕೊಡುವುದು ಸ್ಪೀಕರಿಗೆ 15ರಿಂದ 20 ವ್ಯಾಟ್. ಗಾಡಿಯ ಮುಂಭಾಗಕ್ಕೆ ಅಷ್ಟು ಧಾರಾಳವಾಗಿ ಸಾಕು.

ಅಳತೆಯ ಚಿಂತೆ ಹೆಚ್ಚಿಲ್ಲ. 7 ಅಂಗುಲ ಅಗಲ, 2 ಅಂಗುಲ ಎತ್ತರದ ಗೂಡು ಬಹಳ ಗಾಡಿಗಳಲ್ಲಿ ಇರುತ್ತದೆ. ಆಳವನ್ನು ಮಾತ್ರ ಕಡ್ಡಿ ಹಾಕಿ ಅಳೆದುಕೊಳ್ಳಿ.

ಕೂರಿಸುವಾಗ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚತಕ್ಕದ್ದು, ಕೊನೆಯಲ್ಲಿ ಜೋಡಿಸತಕ್ಕದ್ದು. ಗಾಡಿಯ ಹಳೆಯ ಕಪ್ಲರನ್ನು ಕತ್ತರಿಸಲು ಬಿಡಬೇಡಿ. ಹೊಂದುವ ಜೋಡಣೆ ಕಪ್ಲರು ಸಿಗುವುದಾದರೆ ಅದನ್ನೇ ಹಾಕಿಸಿ. ಗಾಡಿಯ ಕಡೆಯ ತಂತಿಗಳ ಬಣ್ಣವನ್ನು ನಂಬದೆ, ಕೀಲಿ ತೆಗೆದಾಗ ಯಾವುದರಲ್ಲಿ ವಿದ್ಯುತ್ತು ಉಳಿಯುತ್ತದೆ ಎಂಬುದನ್ನು ಟೆಸ್ಟರ್ ಬಲ್ಬಿನಿಂದ ನೋಡಿಸಿ. ಈ ಪರೀಕ್ಷೆಯ ಹೊತ್ತಿಗಷ್ಟೇ ಬ್ಯಾಟರಿ ಜೋಡಿಸಿ, ಮತ್ತೆ ಬಿಚ್ಚಬೇಕು. ಕಪ್ಪು ತಂತಿ ಅರ್ತ್. ಬಣ್ಣ ಕೆರೆದ ಗಟ್ಟಿ ಲೋಹಕ್ಕೆ ಬೋಲ್ಟಿನಿಂದ ಬಿಗಿಯಬೇಕು. ಫ್ಯೂಸು ಹೋದರೆ ಅದೇ ಆಂಪಿಯರಿನದನ್ನೇ ಹಾಕಿ. ಬೆಳ್ಳಿ ಕಾಗದ ಸುತ್ತಿದರೆ ತಂತಿ ಸುಟ್ಟು ಗಾಡಿಗೇ ಬೆಂಕಿ ತಗಲಬಹುದು.

ಸ್ಪೀಕರಿಗೆ ಸಂಬಂಧಿಸಿ ಒಂದು ಮಾತು ಬಹು ಮುಖ್ಯ. ಕೆಲವು ಹಳೆಯ ಗಾಡಿಗಳಲ್ಲಿ ಸ್ಪೀಕರಿನ ಒಂದು ತಂತಿಯನ್ನು ಗಾಡಿಯ ಮೈಗೇ ಸೇರಿಸಿರುತ್ತಾರೆ. ಈಗಿನ ಸೆಟ್ಟುಗಳಿಗೆ ಇದು ಆಗದು, ಒಳಗಿನ ಭಾಗ ಸುಟ್ಟೇ ಹೋದೀತು. ಒಂದೊಂದು ಸ್ಪೀಕರಿಗೂ ಸೆಟ್ಟಿನಿಂದ ಎರಡೆರಡು ಹೊಸ ತಂತಿ ಎಳೆಸಿರಿ. ಸೆಟ್ಟಿನ ಹಿಂಬದಿಗೂ ಪಟ್ಟಿಯ ಆಧಾರ ಕೊಡಿಸಿ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಮುಂದಿನ ಹಿಡಿತವೊಂದೇ ಸಾಲದು.

ಎಲ್ಲ ಮುಗಿದ ಮೇಲೆ ಎಂಜಿನ್ನಿನ ವೇಗದೊಡನೆ ಏರಿಳಿಯುವ ಕುಯ್ಯೆಂಬ ಶಬ್ದ ಬಂದರೆ ಅರ್ತನ್ನು ಮತ್ತೆ ಬಿಗಿಸಿ ನೋಡಿ. ಮಧ್ಯಮ ತರಂಗದಲ್ಲಿ ಮಾತ್ರ ಬರ್ರೆನ್ನುತ್ತಿದ್ದರೆ ಮೊಬೈಲ್ ಚಾರ್ಜರನ್ನು ಕಿತ್ತು ನೋಡಿ. ಅಗ್ಗದ ಚಾರ್ಜರುಗಳು ಈ ತಂಟೆ ಮಾಡುವುದು ಬಹಳ ಸಲ ಕಂಡಿದ್ದೇನೆ.

ತೆಗೆದ ಹಳೆಯ ಸೆಟ್ಟನ್ನು ಗುಜರಿಗೆ ಹಾಕಬೇಡಿ. ಅದು 12 ವೋಲ್ಟಿನದು. ಹಳೆಯ ಬ್ಯಾಟರಿ, ಒಂದು ಫ್ಯೂಸು, ಒಂದು ಸ್ಪೀಕರ್, ಏರಿಯಲ್ ತೂತಿಗೆ ಎರಡು ಮಾರು ತಂತಿ ಇದ್ದರೆ ಪಂಪಿನ ಮನೆಯಲ್ಲಿ ಹಾಡುತ್ತದೆ. ಆ ಟೊಮೆಟೊ ರೈತರು ಹಾಗೆಯೇ ಮಾಡಿದ್ದಾರೆ. ನೀರು ಕಟ್ಟುವಾಗ 612 ಕೇಳುತ್ತಿರುತ್ತಾರೆ. ಗಾಡಿಯ ಹೊಸ ಸೆಟ್ಟನ್ನು ಮಗನಿಗೆ ಬಿಟ್ಟುಕೊಟ್ಟಿದ್ದಾರೆ.